ರಾಜನ ಹಲ್ಲುನೋವು ಮತ್ತು ಆಮೆಯ ಚಿಪ್ಪು

ಸುಮಾರು 3,200 ವರ್ಷಗಳ ಹಿಂದೆ ಚೀನಾದ ರಾಜನೊಬ್ಬನಿಗೆ ಹಲ್ಲುನೋವು ಬಂತು. ಅವನು ಶಾಂಗ್ ವಂಶದ ವೂ ಡಿಂಗ್. ತೀರಿಹೋದ ಹಿರಿಯರಲ್ಲಿ ಯಾರೋ ಮುನಿಸಿಕೊಂಡು ಈ ಕಾಟ ಕೊಡುತ್ತಿದ್ದಾರೆ ಎಂಬುದರಲ್ಲಿ ಆಸ್ಥಾನದವರಿಗೆ ಅನುಮಾನವಿರಲಿಲ್ಲ. ಯಾರು ಎಂಬುದಷ್ಟೇ ಗೊತ್ತಾಗಬೇಕಿತ್ತು. ಐದು ಆಮೆ ಚಿಪ್ಪುಗಳನ್ನು ಮುಂದಿಟ್ಟುಕೊಂಡು ಕೇಳುತ್ತಾ ಹೋದರು: ಇದು ಅಪ್ಪ ಜಿಯಾನ ಕೆಲಸವೇ? ಅಪ್ಪ ಗೆಂಗನದೇ? ಅಪ್ಪ ಶಿನ್‌ನದೇ? ಅಪ್ಪ ಯೀಯದೇ? ಗೆಂಗನಿಗೆ ಒಂದು ನಾಯಿ, ಒಂದು ಕುರಿ ಬಲಿ ಕೊಡುವ ಮಾತೂ ನಡುವೆ ಬಂದಿದೆ. ಈ ನಾಲ್ವರಲ್ಲಿ ಯೀ ಒಬ್ಬನೇ ವೂ ಡಿಂಗನ ಹೆತ್ತ ತಂದೆ, ಉಳಿದ ಮೂವರು ಯೀಗಿಂತ ಮೊದಲು ಆಳಿದ ಅವನ ಅಣ್ಣಂದಿರು. ದೊಡ್ಡಪ್ಪ, ಚಿಕ್ಕಪ್ಪ ಎಂದು ಅಪ್ಪನ ಒಡಹುಟ್ಟಿದವರನ್ನೂ ಅಪ್ಪಂದಿರ ಸಾಲಿಗೇ ಸೇರಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಬ್ಬ ಮನುಷ್ಯನ ಹಲ್ಲುನೋವು ಇಷ್ಟು ಕಾಲ ಉಳಿದು ಬಂದದ್ದು ಕೇಳಿದ ಪ್ರಶ್ನೆಯನ್ನು ಅದೇ ಚಿಪ್ಪಿನ ಮೇಲೆ ಕೆತ್ತಿಡುವ ಪದ್ಧತಿ ಇದ್ದುದರಿಂದ. ಚೀನೀ ಬರವಣಿಗೆಯ ದೊಡ್ಡ ಪ್ರಮಾಣದ ಅತ್ಯಂತ ಹಳೆಯ ದಾಖಲೆ ಎಂದರೆ, ಬೆಂಕಿಯ ಕಾವಿಗೆ ಬಿಡುವ ಬಿರುಕು ನೋಡಿ ಉತ್ತರ ತಿಳಿಯುತ್ತಿದ್ದ ಈ ಶಕುನದ ಮೂಳೆಗಳೇ.

ಅವುಗಳನ್ನು ಸಿದ್ಧಪಡಿಸುವುದು ತಾಳ್ಮೆಯ ಕೆಲಸವಾಗಿತ್ತು. ಆಮೆಯ ಹೊಟ್ಟೆಯ ಕಡೆಯ ಚಪ್ಪಟೆ ಚಿಪ್ಪನ್ನೋ ದನದ ಹೆಗಲ ಮೂಳೆಯನ್ನೋ ಕೆರೆದು, ಉಜ್ಜಿ ನುಣುಪು ಮಾಡುತ್ತಿದ್ದರು. ಹಿಂಬದಿಯಲ್ಲಿ ಸಾಲಾಗಿ ಗುಳಿಗಳನ್ನು ತೋಡುತ್ತಿದ್ದರು: ಒಂದು ಉದ್ದನೆಯ ಗುಳಿ, ಅದರ ಪಕ್ಕಕ್ಕೆ ಅಂಟಿಕೊಂಡಂತೆ ಒಂದು ದುಂಡನೆಯದು. ಆರಪಾರ ತೂತು ಬೀಳಬಾರದು, ತಳ ಮಾತ್ರ ತೀರಾ ತೆಳುವಾಗಿರಬೇಕು. ಆ ಗುಳಿಗೆ ಬೆಂಕಿಯ ಕಾವು ಕೊಟ್ಟರೆ ಅಷ್ಟು ಜಾಗ ಮಾತ್ರ ಬಿಸಿಯೇರಿ, ಸುತ್ತಲಿನ ಭಾಗ ತಣ್ಣಗೇ ಇದ್ದು, ಎಳೆತ ತಾಳಲಾರದೆ ಚಟ್ಟೆಂದು ಬಿರುಕು ಬಿಡುತ್ತದೆ. ಉದ್ದನೆಯ ಗುಳಿಯ ಗುಂಟ ಒಂದು ನೆಟ್ಟನೆಯ ಬಿರುಕು, ದುಂಡನೆಯ ಗುಳಿಯ ಕಡೆಗೆ ಅದರಿಂದ ಕವಲೊಡೆದ ಇನ್ನೊಂದು. ಹೀಗೆ ಬಿರುಕು ಎಲ್ಲಿ ಮೂಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಟ್ಟು, ಕವಲಿನ ಓರೆಯಷ್ಟನ್ನು ಹಿರಿಯರ ಆತ್ಮಗಳಿಗೆ ಬಿಟ್ಟಿದ್ದರು.

ಕೇಳುವುದರಲ್ಲೂ ಒಂದು ಶಿಸ್ತು. 'ಮಳೆ ಬರುತ್ತದೆ' ಎಂದು ಚಿಪ್ಪಿನ ಒಂದು ಕಡೆ, 'ಮಳೆ ಬರುವುದಿಲ್ಲ' ಎಂದು ಇನ್ನೊಂದು ಕಡೆ. ದಿನದ ಹೆಸರು, ಕೇಳಿದವನ ಹೆಸರು, ಬಿರುಕು ನೋಡಿ ರಾಜ ಹೇಳಿದ ಮಾತು, ಕೆಲವು ಸಲ ಕಡೆಗೆ ಏನಾಯಿತು ಎಂಬುದೂ ದಾಖಲಾಗಿದೆ. ಬೆಳೆ, ಬೇಟೆ, ಕನಸು, ಯುದ್ಧ, ಎಲ್ಲಕ್ಕೂ ಪ್ರಶ್ನೆಯಿತ್ತು. ಶಾಂಗರ ಪಶ್ಚಿಮಕ್ಕಿದ್ದ ಶತ್ರುಗಳಾದ, ಸೆರೆಸಿಕ್ಕ ಚಿಯಾಂಗ್ ಜನರಲ್ಲಿ ಎಷ್ಟು ಮಂದಿಯನ್ನು ಬಲಿ ಕೊಡಬೇಕು ಎಂಬುದನ್ನೂ ಅಷ್ಟೇ ಸಲೀಸಾಗಿ ಕೇಳಿದ್ದಾರೆ.

ಈ ಮೂಳೆಗಳು ಲೋಕದ ಕಣ್ಣಿಗೆ ಬಿದ್ದದ್ದು ಔಷಧಿ ಅಂಗಡಿಯ ದಾರಿಯಾಗಿ. ನೆಲದಲ್ಲಿ ಸಿಗುವ ಹಳೆಯ ಮೂಳೆಗಳು ಚೀನಾದಲ್ಲಿ 'ಡ್ರ್ಯಾಗನ್ ಮೂಳೆ' ಎಂಬ ಹೆಸರಿನಲ್ಲಿ ಔಷಧಿಯಾಗಿ ಮಾರಾಟವಾಗುತ್ತಿದ್ದವು. ಅವನ್ನು ಪುಡಿಮಾಡಿ ನುಂಗುತ್ತಿದ್ದರು. 1899ರಲ್ಲಿ ಬೀಜಿಂಗ್‌ನ ವಿದ್ವಾಂಸ ವಾಂಗ್ ಯೀರಾಂಗ್ ಅವುಗಳ ಮೇಲಿನ ಗೀರುಗಳು ಪ್ರಾಚೀನ ಲಿಪಿ ಎಂದು ಗುರುತಿಸಿದರು. ಮಲೇರಿಯಾ ಬಂದಾಗ ತಂದ ಔಷಧಿಯ ಪೊಟ್ಟಣದಲ್ಲೇ ಅಕ್ಷರ ಕಂಡರು ಎಂಬ ಕಥೆ ಸೊಗಸಾಗಿದೆ, ಆದರೆ ನಂಬುವುದು ಕಷ್ಟ. ಮರುವರ್ಷವೇ, ವಿದೇಶಿ ಸೇನೆಗಳು ಬೀಜಿಂಗ್‌ಗೆ ನುಗ್ಗಿದಾಗ ಅವರು ಪ್ರಾಣ ಕಳೆದುಕೊಂಡರು. ಮೂಳೆ ಎಲ್ಲಿಂದ ಬರುತ್ತದೆ ಎಂಬ ಗುಟ್ಟನ್ನು ವ್ಯಾಪಾರಿಗಳು ಬಾಯಿಬಿಡದೆ ವರ್ಷಗಟ್ಟಲೆ ಕಾಪಾಡಿಕೊಂಡರು. ಕಡೆಗೆ ಅದು ಹೆನಾನ್ ಪ್ರಾಂತ್ಯದ ಆನ್ಯಾಂಗ್ ಪಟ್ಟಣದ ಬಳಿಯ ಶಿಯಾವೊತುನ್ ಹಳ್ಳಿ ಎಂದು ತಿಳಿಯಿತು. 1928ರಲ್ಲಿ ಅಗೆತ ಶುರುವಾಯಿತು. 1936ರಲ್ಲಿ ಒಂದೇ ಗುಂಡಿಯಲ್ಲಿ 17,000ಕ್ಕೂ ಹೆಚ್ಚು ತುಣುಕುಗಳು ಸಿಕ್ಕವು. ಅವನ್ನು ಒಂದೊಂದಾಗಿ ಬಿಡಿಸುತ್ತಾ ಕೂರುವ ಬದಲು ಮಣ್ಣಿನ ಹೆಂಟೆಯ ಸಮೇತ ನಾನ್‌ಜಿಂಗ್‌ಗೆ ಸಾಗಿಸಿದರು.

ಅಗೆತಕ್ಕೂ ಮೊದಲೇ, 1917ರಲ್ಲಿ, ವಾಂಗ್ ಗುವೊವೇ ಎಂಬ ವಿದ್ವಾಂಸರು ಮೂಳೆಗಳಲ್ಲಿನ ಹೆಸರುಗಳನ್ನು ಕೂಡಿಸಿ ಶಾಂಗ್ ರಾಜರ ವಂಶಾವಳಿ ಕಟ್ಟಿದ್ದರು. ಶಾಂಗ್ ರಾಜ್ಯ ಅಳಿದು ಸುಮಾರು 900 ವರ್ಷಗಳ ಮೇಲೆ ಇತಿಹಾಸಕಾರ ಸೀಮಾ ಚಿಯಾನ್ ಬರೆದಿಟ್ಟ ಪಟ್ಟಿಗೆ ಅದು ಬಹುಪಾಲು ತಾಳೆಯಾಯಿತು. ಶಾಂಗ್ ವಂಶವೆಂಬುದೇ ಕಟ್ಟುಕಥೆ ಎಂದು ವಾದಿಸುತ್ತಿದ್ದವರಿಗೆ ಆಮೇಲೆ ಹೇಳಲು ಹೆಚ್ಚೇನೂ ಉಳಿಯಲಿಲ್ಲ.

ಕಾಲ ನಿಗದಿಗೆ ನೆರವಾದದ್ದು ಚಂದ್ರ. ಶಾಂಗ್ ಜನ ಜಿಯಾ, ಡಿಂಗ್, ಗೆಂಗ್ ಮುಂತಾದ ಹೆಸರಿನ ಹತ್ತು ದಿನಗಳ ವಾರ ಎಣಿಸುತ್ತಿದ್ದರು, ಅರವತ್ತು ದಿನಗಳ ಹೆಸರಿನ ಒಂದು ಚಕ್ರ ಇಟ್ಟುಕೊಂಡಿದ್ದರು. ಒಂದು ಮೂಳೆಯಲ್ಲಿ, ಜೀವೇ ದಿನ ಮುಗಿದು ಗೆಂಗ್‌ಶೆನ್ ದಿನ ಹುಟ್ಟುವ ರಾತ್ರಿ ಚಂದ್ರನಿಗೆ ಗ್ರಹಣ ಹಿಡಿಯಿತು ಎಂದಿದೆ. ಗ್ರಹಣಗಳನ್ನು ಹಿಂದಕ್ಕೆ ಲೆಕ್ಕ ಹಾಕಬಹುದು, ಅರವತ್ತರ ಚಕ್ರವನ್ನೂ ಹಾಕಬಹುದು. ಎರಡೂ ಕೂಡುವ ರಾತ್ರಿಗಳು ಬೆರಳೆಣಿಕೆಯಷ್ಟು. ಈ ಗ್ರಹಣಕ್ಕೆ ಹೆಚ್ಚಿನವರು ಒಪ್ಪುವ ದಿನ ಕ್ರಿ.ಪೂ. 1192ರ ಡಿಸೆಂಬರ್ 27. ಇಂಥ ಐದು ಚಂದ್ರಗ್ರಹಣಗಳ ದಾಖಲೆಯಿಂದ ವೂ ಡಿಂಗನ ಕಾಲಕ್ಕೆ ಒಂದು ನೆಲೆ ಸಿಕ್ಕಿತು.

ಮೂಳೆಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ವೂ ಡಿಂಗನ ರಾಣಿಯರಲ್ಲಿ ಒಬ್ಬಳಾದ ಫೂ ಹಾವ್‌ಳದು. ಅವಳ ಹೆರಿಗೆಯ ಬಗ್ಗೆ ಕೇಳಿದ ಪ್ರಶ್ನೆ ಬಹಳ ಪ್ರಸಿದ್ಧ. ಜಿಯಾಶೆನ್ ದಿನ ಬಿರುಕು ನೋಡಿದ ರಾಜ ಹೇಳಿದ್ದು: ಡಿಂಗ್ ದಿನ ಹೆತ್ತರೆ ಒಳ್ಳೆಯದು, ಗೆಂಗ್ ದಿನ ಹೆತ್ತರೆ ಮಹಾಶುಭ. ಕೆಳಗೆ ಫಲಿತಾಂಶವಿದೆ: ಆ ದಿನವನ್ನೂ ಸೇರಿಸಿ ಮೂವತ್ತೊಂದನೆಯ ದಿನ, ಜಿಯಾಯಿನ್‌ನಂದು ಹೆತ್ತಳು, ಒಳ್ಳೆಯದಾಗಲಿಲ್ಲ, ಹೆಣ್ಣು ಮಗು. ಓದಿದರೆ ಸಿಟ್ಟು ಬರುತ್ತದೆ. ರಾಜನ ಜಾಣತನವನ್ನೂ ಗಮನಿಸಬೇಕು. ಹೆರಿಗೆ ಅವನು ಹೇಳಿದ ಎರಡೂ ದಿನ ಆಗಲಿಲ್ಲ, ಹಾಗಾಗಿ ಭವಿಷ್ಯ ಸುಳ್ಳಾಯಿತು ಎನ್ನುವಂತೆಯೂ ಇಲ್ಲ.

ಹೆಣ್ಣು ಹುಟ್ಟಿದ್ದನ್ನು ಅಶುಭವೆಂದು ಬರೆದ ಇದೇ ಆಸ್ಥಾನ 13,000 ಜನರ ಸೇನೆ ಕೂಡಿಸಿ ಚಿಯಾಂಗ್ ಜನರ ಮೇಲೆ ಯುದ್ಧಕ್ಕೆ ಕಳಿಸುವ ಮಾತೆತ್ತಿದಾಗ ಹೆಸರಿಸಿದ್ದು ಫೂ ಹಾವ್‌ಳನ್ನು. 1976ರಲ್ಲಿ ಪುರಾತತ್ತ್ವಜ್ಞೆ ಝೆಂಗ್ ಝೆನ್‌ಶಿಯಾಂಗ್ ಅವರ ತಂಡಕ್ಕೆ ಅವಳ ಗೋರಿ ಸಿಕ್ಕಿತು. ಆನ್ಯಾಂಗ್‌ನ ರಾಜರ ದೊಡ್ಡ ಗೋರಿಗಳನ್ನೆಲ್ಲ ಕಳ್ಳರು ಬಗೆದುಹಾಕಿದ್ದರು, ಇದನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಒಳಗೆ 468 ಕಂಚಿನ ವಸ್ತುಗಳು, 755 ಹಸಿರುಶಿಲೆಯವು, ದೂರದ ಕಡಲಿನಿಂದ ಬಂದ ಸುಮಾರು 7,000 ಕವಡೆಗಳು. ಕಂಚಿನ ತೂಕವೇ ಒಂದೂವರೆ ಟನ್ ಮೀರುತ್ತದೆ. ಅವಳ ಹೆಸರು ಕೆತ್ತಿದ ಯುದ್ಧಗೊಡಲಿಯೊಂದು ಸುಮಾರು 9 ಕೆಜಿ ತೂಗುತ್ತದೆ. ಅವಳ ಜೊತೆ ಹದಿನಾರು ಮನುಷ್ಯರನ್ನೂ ಆರು ನಾಯಿಗಳನ್ನೂ ಹೂಳಿದ್ದರು. ಮೂಳೆಯಲ್ಲಿ ಹೆಸರಿದ್ದ ವ್ಯಕ್ತಿಯ ಗೋರಿ ಹೀಗೆ ಇಡಿಯಾಗಿ ಸಿಕ್ಕಿದ್ದು ಅದೇ ಮೊದಲು.

ನನಗೆ ಇವೆಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಪ್ರಶ್ನೆಗಳು ಸೊರಗುತ್ತಾ ಹೋದ ರೀತಿ. ವೂ ಡಿಂಗನ ಕಾಲದಲ್ಲಿ ದೊಡ್ಡ ಅಕ್ಷರ, ಹಲವು ಶಕುನಿಗರು, ಕೆಟ್ಟ ಫಲವನ್ನೂ ಮುಚ್ಚಿಡದ ಬರಹ. ಒಂದೂವರೆ ಶತಮಾನ ಕಳೆದು ಕೊನೆಯ ರಾಜರ ಕಾಲಕ್ಕೆ ಬಂದರೆ ಅಕ್ಷರ ಸಣ್ಣದಾಗಿದೆ, ಕೇಳುವವನು ಹೆಚ್ಚಾಗಿ ರಾಜನೇ. 'ಮುಂದಿನ ಹತ್ತು ದಿನ ಕೇಡಿಲ್ಲ' ಎಂಬ ಒಂದೇ ಸಾಲು ವಾರವಾರವೂ ತಪ್ಪದೆ ಬರುತ್ತದೆ. ರಾಜನ ಫಲ ಬಹುತೇಕ ಶುಭವೇ. ಹಲ್ಲುನೋವು, ಕನಸು, ಹೆರಿಗೆಗಳೆಲ್ಲ ಹೆಚ್ಚುಕಡಿಮೆ ಮಾಯವಾಗಿವೆ. ಶಕುನದ ಮೇಲಿನ ನಂಬಿಕೆಯೇ ಕುಂದಿತೋ, ಅದು ಕಚೇರಿಯ ದಿನಚರಿಯಾಗಿ ಜೀವ ಕಳೆದುಕೊಂಡಿತೋ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ನನ್ನ ಒಲವು ಎರಡನೆಯದರ ಕಡೆಗೆ. ಕ್ರಿ.ಪೂ. 1046ರ ಸುಮಾರಿಗೆ ಪಶ್ಚಿಮದಿಂದ ಬಂದ ಝೌ ಜನ ಶಾಂಗರನ್ನು ಸೋಲಿಸಿದರು. ಅವರೂ ಮೂಳೆ ಸುಟ್ಟು ಶಕುನ ಕೇಳುತ್ತಿದ್ದವರೇ.

ಈವರೆಗೆ ಸಿಕ್ಕ ತುಣುಕುಗಳು ಸುಮಾರು 1,50,000. ಅವುಗಳಲ್ಲಿ 4,000ಕ್ಕೂ ಹೆಚ್ಚು ಬಗೆಯ ಅಕ್ಷರಗಳಿವೆ. ಮೂರರಲ್ಲಿ ಒಂದು ಪಾಲಿನಷ್ಟನ್ನು ಮಾತ್ರ ಸಂದೇಹವಿಲ್ಲದೆ ಓದಲಾಗಿದೆ. ಉಳಿದವುಗಳಲ್ಲಿ ಬಹಳಷ್ಟು ಊರಿನ, ಮನುಷ್ಯರ ಹೆಸರುಗಳು. ಅವುಗಳನ್ನು ಗುರುತಿಸಬಹುದೇ ಹೊರತು ಉಚ್ಚರಿಸುವ ಬಗೆ ತಿಳಿಯದು. ಓದಲಾಗದ ಒಂದೊಂದು ಅಕ್ಷರಕ್ಕೂ ಒಪ್ಪುವಂಥ ಅರ್ಥ ಹೇಳಿದವರಿಗೆ 1,00,000 ಯುವಾನ್ ಕೊಡುವುದಾಗಿ ಆನ್ಯಾಂಗ್‌ನ ಲಿಪಿ ವಸ್ತುಸಂಗ್ರಹಾಲಯ 2016ರಲ್ಲಿ ಸಾರಿತು. ಇತ್ತ ಬೇರೆ ಬೇರೆ ಸಂಗ್ರಹಗಳಿಗೆ ಚದುರಿಹೋದ ಚೂರುಗಳ ಅಂಚುಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸವೂ ನಡೆದಿದೆ. ಈಗ ಅದಕ್ಕೆ ಕಂಪ್ಯೂಟರ್ ಕೂಡ ಕೈಜೋಡಿಸುತ್ತಿದೆ. ಎರಡು ಚೂರು ಸರಿಯಾಗಿ ಕೂಡಿದರೆ, ಅರ್ಧಕ್ಕೆ ನಿಂತಿದ್ದ ಪ್ರಶ್ನೆಗೆ ಅದರ ಉಳಿದ ಸಾಲು ಸಿಗುತ್ತದೆ.