ಪಾಟ್, ಕಾಡು, ಕಡತ: ಕೊಡಗನ್ನು ಓದಿದವರ ಕಥೆ

ಮಳೆಗಾಲ ಬಂತೆಂದರೆ ಕೊಡಗಿನ ಬಗ್ಗೆ ಜಗಳವೂ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದ ಮೇಲಂತೂ ಇದು ಜಾಸ್ತಿಯಾಗಿದೆ. ಒಬ್ಬರು ಪಶ್ಚಿಮಘಟ್ಟದ ಪರಿಸರದ ಮೇಲಿನ ಗಾಡ್ಗೀಳ್ ವರದಿ ತೆಗೆಯುತ್ತಾರೆ. ಇನ್ನೊಬ್ಬರು ಜಮ್ಮಾ, ಅಂದರೆ ವಂಶಪಾರಂಪರ್ಯದ ಭೂಮಿಯ ಹಕ್ಕಿನ ಮಾತೆತ್ತುತ್ತಾರೆ. ಮತ್ತೊಬ್ಬರು ಕೊಡಗನ್ನು ಆಳಿದ ಹಾಲೇರಿ ರಾಜರ ಕಾಲಕ್ಕೇ ಹೋಗಿಬಿಡುತ್ತಾರೆ. ಅಷ್ಟರಲ್ಲಿ ಯಾರೋ ಹಿರಿಯರು, ಇದೆಲ್ಲ ನಮ್ಮ ಪಾಟ್‌ನಲ್ಲೇ, ಅಂದರೆ ಕೊಡವರ ಹಾಡಿನಲ್ಲೇ, ಇದೆಯಲ್ಲ ಎನ್ನುತ್ತಾರೆ. ಎಲ್ಲರ ಕೈಯಲ್ಲೂ ಒಂದೊಂದು ಪುಸ್ತಕ. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಓದಿರುವುದಿಲ್ಲ.

ಇದಕ್ಕೆ ಜಗಳವಾಡುವವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಕೊಡಗಿನ ಮೇಲೆ ಬಂದ ಅಧ್ಯಯನಗಳೇ ಹಾಗಿವೆ. ಶಾಸನ ಓದಿದವರು ರಾಜರನ್ನು ಹುಡುಕಿದರು. ಹಾಡು ಬರೆದುಕೊಂಡವರು ಪದ್ಧತಿಯನ್ನು ಹುಡುಕಿದರು. ಕಾಡಿಗೆ ಹೋದವರು ಮರ ಎಣಿಸಿದರು. ಊರಿನಲ್ಲಿ ಮಾತ್ರ ಈ ಮೂರೂ ಒಂದೇ ಕಡೆ ಇರುತ್ತವೆ. ದೇವರಿಗೆಂದು ಬಿಟ್ಟ ದೇವರಕಾಡಿನ ಪಕ್ಕ ನಿಂತು ಪಾಟ್ ಹಾಡುವವರಿಗೆ, ತಾವು ಈಗ ಸಾಹಿತ್ಯದಲ್ಲಿದ್ದೇವೋ ಇತಿಹಾಸದಲ್ಲಿದ್ದೇವೋ ಎಂಬ ಚಿಂತೆ ಇಲ್ಲ.

ಹಳೆಯ ಕಾಲವನ್ನು ಬೇಗ ದಾಟಿಬಿಡೋಣ. ಕೊಡಗಿನ ಬರಹದ ಇತಿಹಾಸ ಶುರುವಾಗುವುದು ಗಂಗರ ಶಾಸನಗಳಿಂದ. 888ರ ಬಿಳಿಯೂರು ಶಾಸನ ಒಂದು ಜಿನಾಲಯಕ್ಕೆ ಕೊಟ್ಟ 12 ಹಳ್ಳಿಗಳ ದಾನದ ಕಥೆ ಹೇಳುತ್ತದೆ. ಆ ಸೀಮೆಗೆ ಅಲ್ಲಿರುವ ಹೆಸರು ಪೆದ್ದೊರೆಗರೆ. ಅಂದರೆ ದೊಡ್ಡ ಹೊಳೆಯ ದಡ. ಮುಂದೆ ಚಂಗಾಳ್ವರು, ಕೊಂಗಾಳ್ವರು, ಆಮೇಲೆ ಹಾಲೇರಿಯ ಲಿಂಗಾಯತ ಅರಸರು. ಈ ಶಾಸನಗಳನ್ನು ಒಟ್ಟು ಮಾಡಿ ಬಿ.ಎಲ್. ರೈಸ್ 1886ರಲ್ಲಿ ಪ್ರಕಟಿಸಿದರು. ಅಲ್ಲಿಂದ ಕೊಡಗಿನ ಇತಿಹಾಸ ಎಂದರೆ ಕಲ್ಲಿನ ಮೇಲೆ ಏನಿದೆಯೋ ಅದು ಎಂದಾಯಿತು. ಕಲ್ಲು ನೆಡಿಸಿದವರು ಹೆಚ್ಚಾಗಿ ಹೊರಗಿನಿಂದ ಬಂದು ಆಳಿದವರು ಅನ್ನೋದು ಎಷ್ಟೋ ಸಲ ಮರೆತೇ ಹೋಗುತ್ತದೆ.

ಇಲ್ಲಿ ಇನ್ನೊಂದು ಗಂಟಿದೆ. ಹಾಲೇರಿ ಅರಸರ ಆಡಳಿತ ನಡೆದದ್ದು ಕನ್ನಡದಲ್ಲಿ. ದೊಡ್ಡವೀರರಾಜೇಂದ್ರ ತನ್ನ ಮನೆತನದ ಕಥೆಯನ್ನು 'ರಾಜೇಂದ್ರನಾಮೆ' ಎಂದು ಬರೆಸಿದ. 1633ರಿಂದ 1807ರವರೆಗಿನ ಕಥೆ ಅದು. 1808ರಲ್ಲೇ ಇಂಗ್ಲಿಷಿಗೂ ಹೋಯಿತು. ಹೀಗೆ ಬರಹದ ಕೊಡಗು ಕನ್ನಡದಲ್ಲಿತ್ತು, ಹಾಡಿನ ಕೊಡಗು ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿತ್ತು. ಕಾಡಿನ ಒಳಗಿನ ಕೊಡಗು ಯರವರ, ಕುರುಬರ ಮಾತಿನಲ್ಲಿತ್ತು. ವಿದ್ವಾಂಸರ ಕೈಗೆ ಮೊದಲು ಸಿಕ್ಕಿದ್ದು ಕಾಗದ. ಅದೇ ಕೊನೆಯವರೆಗೂ ಜೋರಾಗಿ ಮಾತಾಡಿತು.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ತೆಗೆದುಕೊಂಡಿತು. ಅದಕ್ಕೂ ಮೊದಲೇ, 1815ರಿಂದ 1817ರವರೆಗೆ, ಲೆಫ್ಟಿನೆಂಟ್ ಕಾನರ್ ಎಂಬ ಅಧಿಕಾರಿ ಇಡೀ ನಾಡನ್ನು ಅಳೆದು ಬರೆದಿದ್ದ. ಅಳತೆಗೆ ಬಂದವನು ಬೆಟ್ಟ, ಹೊಳೆ, ಗದ್ದೆ, ಜನ ಎಲ್ಲವನ್ನೂ ಒಟ್ಟಿಗೇ ನೋಡಿದ. ಮುಂದೆ ಬಂದ ಪರಿಣತರಿಗೆ ಆ ಭಾಗ್ಯ ಅಷ್ಟಾಗಿ ಸಿಗಲಿಲ್ಲ.

1850ರ ದಶಕದಲ್ಲಿ ಮಿಷನರಿಗಳು ಬಂದರು. ಮಂಗಳೂರು ಸಮಾಚಾರದ ಹರ್ಮನ್ ಮೋಗ್ಲಿಂಗ್ ಕೊಡಗಿನ ಬಗ್ಗೆ 1855ರಲ್ಲಿ ಪುಸ್ತಕ ತಂದರು. 1870ರಲ್ಲಿ ರಿಕ್ಟರ್ ಅವರ ಕೊಡಗು ಕೈಪಿಡಿ ಬಂತು. ಇವರಿಗೆ ಕಿವಿ ಇತ್ತು, ಅದನ್ನು ಒಪ್ಪಬೇಕು. ಹಾಡು ಕೇಳಿದರು, ಅನುವಾದ ಮಾಡಿದರು, ಹಬ್ಬಗಳನ್ನು ವಿವರವಾಗಿ ಬರೆದರು. ಆದರೆ ಒಳ್ಳೆಯ ಹಾಡು ಒಂದು ಅಧ್ಯಾಯಕ್ಕೆ, ಮರಗಿಡ ಇನ್ನೊಂದು ಅಧ್ಯಾಯಕ್ಕೆ, ಭೂಮಿಯ ಹಕ್ಕು ಮೂರನೆಯದಕ್ಕೆ ಹೋಯಿತು. ಗೆಜೆಟಿಯರ್ ಎಂಬ ಪೆಟ್ಟಿಗೆಯ ಖಾನೆಗಳು ಆಗಲೇ ತಯಾರಾದವು. ಇವತ್ತಿಗೂ ನಾವು ಅದೇ ಖಾನೆಗಳಲ್ಲಿ ಕೈಯಾಡಿಸುತ್ತಿದ್ದೇವೆ.

ಇದೇ ಹೊತ್ತಿಗೆ ಕಾಡು ಕಾಫಿಯಾಗುತ್ತಿತ್ತು. ಯುರೋಪಿಯನ್ನರ ಮೊದಲ ತೋಟ ಮಡಿಕೇರಿಯ ಹತ್ತಿರ ಶುರುವಾದದ್ದು 1854ರಲ್ಲಿ. ಹತ್ತಿಪ್ಪತ್ತು ವರ್ಷದಲ್ಲಿ ಬೆಟ್ಟದ ಬಣ್ಣ ಬದಲಾಯಿತು. ಭೂಮಿಗೆ ಬೆಲೆ ಬಂದಾಗ ಕಡತಕ್ಕೂ ಬೆಲೆ ಬಂತು. ಜಮ್ಮಾ, ಸಾಗು, ಉಂಬಳಿ, ಬಾಣೆ, ಪೈಸಾರಿ, ಊರುಡುವೆ. ಭೂಮಿಯ ಬಗೆಗಳನ್ನು ಹೇಳುವ ಈ ಪದಗಳೆಲ್ಲ ಊರಿನವು. ಕಡತಕ್ಕೆ ಹೋದ ಮೇಲೆ ಇವುಗಳ ಅರ್ಥ ಗಟ್ಟಿಯಾಯಿತು. ಬಾಣೆ ಎಂದರೆ ಗದ್ದೆಗೆ ಅಂಟಿಕೊಂಡ ಗುಡ್ಡ. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಅಲ್ಲಿಂದ ಬರಬೇಕು. ಗದ್ದೆಯಿಲ್ಲದೆ ಬಾಣೆಯಿಲ್ಲ, ಬಾಣೆಯಿಲ್ಲದೆ ಗದ್ದೆಯಿಲ್ಲ. ಕಾಫಿ ಬಂದ ಮೇಲೆ ಬಾಣೆಯೇ ಚಿನ್ನವಾಯಿತು, ಗದ್ದೆ ಹೊರೆಯಾಯಿತು. ಬಾಣೆಯಲ್ಲಿರುವ ಮರ ಯಾರದು ಎಂಬ ಪ್ರಶ್ನೆ ಆಗ ಹುಟ್ಟಿತು. 2011ರಲ್ಲಿ ಕಂದಾಯ ಕಾಯ್ದೆಗೆ ಜಮ್ಮಾ ವಿಚಾರದಲ್ಲಿ ತಿದ್ದುಪಡಿ ತಂದರೂ ವಾದ ಮುಗಿದಿಲ್ಲ. ತೋಟಗಳಲ್ಲಿ ಕಾಡುಮರ ಕಡಿಮೆಯಾಗಿ ಸಿಲ್ವರ್ ಓಕ್ ಯಾಕೆ ಜಾಸ್ತಿಯಾಯಿತು ಅಂದರೆ, ಕಾರಣ ಮಣ್ಣಿಗಿಂತ ಹೆಚ್ಚಾಗಿ ಕಡತದಲ್ಲಿದೆ. ಕಡಿಯಲು ತಕರಾರಿಲ್ಲದ ಮರವನ್ನು ಯಾರು ಬೇಡ ಎನ್ನುತ್ತಾರೆ?

ಜಮ್ಮಾ ಎಂಬ ಪದದ ಬಗ್ಗೆ ಒಂದು ಮಾತು ಸೇರಿಸಬೇಕು. ಹೆಮ್ಮೆಯಿಂದ ಹೇಳುವ ಪದ ಅದು. 19ನೇ ಶತಮಾನದ ಬರಹಗಳಲ್ಲಿ 'ಭೂಮಿ ಜಮ್ಮದ ಆಳು' ಎಂಬ ಮಾತೂ ಬರುತ್ತದೆ. ಭೂಮಿಯ ಜೊತೆಗೇ ಕೈ ಬದಲಾಗುತ್ತಿದ್ದ ಮನುಷ್ಯರು. ಹಕ್ಕಿನ ಚರ್ಚೆಯಲ್ಲಿ ಈ ಸಾಲನ್ನು ಯಾರೂ ಓದಿ ಹೇಳುವುದಿಲ್ಲ, ಅಲ್ವಾ?

1901ರ ಹೊತ್ತಿಗೆ ಇನ್ನೊಂದು ಹುಚ್ಚು. ಕೊಡವರ ಮತ್ತು ಯರವರ ತಲೆ, ಮೂಗು ಅಳೆದು ಹೋಲಿಸುವ ಲೇಖನ ಬಂತು. ಕೊಡವರು ಎಲ್ಲಿಂದ ಬಂದರು ಎಂಬ ಪ್ರಶ್ನೆಗೆ ಅರಬರು, ಗ್ರೀಕರು, ಶಕರು ಅಂತ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಹಾಡಿನಲ್ಲಿ ಏನಿದೆ ಎಂದು ನೋಡುವ ಬದಲು ತಲೆಬುರುಡೆ ನೋಡಿದ ಕಾಲ ಅದು. ಆ ಊಹೆಗಳು ಈಗಲೂ ವಾಟ್ಸಾಪ್‌ನಲ್ಲಿ ಓಡಾಡುತ್ತಿವೆ.

ಇಲ್ಲಿಗೆ ನಾನು ಸ್ವಲ್ಪ ನಿಲ್ಲುತ್ತೇನೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪ ಅವರ 'ಪಟ್ಟೋಲೆ ಪಳಮೆ' ಬಂತು. ಕೊಡವ ತಕ್ಕ್‌ನಲ್ಲಿ, ಕನ್ನಡ ಲಿಪಿಯಲ್ಲಿ. ಸರ್ಕಾರಿ ನೌಕರಿ ಮಾಡಿದ್ದ ಚಿಣ್ಣಪ್ಪ ಹಿರಿಯರ ಬಾಯಿಂದ ಕೇಳಿ ಹಾಡು, ಗಾದೆ, ಶಕುನ, ಮದುವೆ, ಸಾವು, ಹಬ್ಬ ಎಲ್ಲವನ್ನೂ ಬರೆದಿಟ್ಟರು. ಹೊರಗಿನಿಂದ ಬಂದು ಕೊಡಗನ್ನು ಬರೆದ ಪುಸ್ತಕಗಳ ಸಾಲಿನಲ್ಲಿ ಇದು ಒಳಗಿನಿಂದ ಎದ್ದು ಬಂದ ದನಿ. ಅವರು ಖಾನೆ ಮಾಡಲಿಲ್ಲ ಎಂದಲ್ಲ. ಆದರೆ ಅವರ ಖಾನೆಗಳು ಬೇರೆ. ಹುಟ್ಟು, ಮದುವೆ, ಸಾವು, ಬೆಳೆ, ದೇವರು. ಬದುಕು ಹೇಗೆ ಸಾಗುತ್ತದೋ ಹಾಗೆ.

ಪಾಟ್ ಹಾಡುವುದು ನಾಲ್ಕು ಜನ. ಕೈಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ. ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಹಾಡು ಶುರುವಾಗುವುದು ನಾಡನ್ನು ಹೊಗಳಿ. ಹಳೆಯ ಲೆಕ್ಕದಲ್ಲಿ ಕೊಡಗಿನ ವಿಭಾಗಗಳೆಂದರೆ 12 ಕೊಂಬು, 35 ನಾಡು. ಇದನ್ನು ಸಾಹಿತ್ಯದ ವಿದ್ಯಾರ್ಥಿ ಓದಿದರೆ ವರ್ಣನೆ ಎನ್ನುತ್ತಾನೆ. ಆಡಳಿತದ ಇತಿಹಾಸ ಓದುವವನಿಗೆ ಅದು ಪಾಳೆಯಗಾರರ ಕಾಲಕ್ಕಿಂತ ಹಿಂದಿನ ನಕ್ಷೆ.

ಇಗ್ಗುತಪ್ಪನ ಪಾಟ್ ಇನ್ನೂ ಸ್ವಾರಸ್ಯ. ಅಣ್ಣತಮ್ಮಂದಿರು ಮತ್ತು ಒಬ್ಬ ತಂಗಿ ಮಲಯಾಳ ಸೀಮೆಯ ಕಡೆಯಿಂದ ಬರುತ್ತಾರೆ. ಕೆಲವರು ಅಲ್ಲೇ ನಿಲ್ಲುತ್ತಾರೆ. ಇಗ್ಗುತಪ್ಪ, ಪಾಲೂರಪ್ಪ, ತಂಗಿ ಪೊನ್ನಂಗಾಲ ತಂಗಮ್ಮ ಕೊಡಗಿಗೆ ಬರುತ್ತಾರೆ. ಇಗ್ಗುತಪ್ಪ ಕಕ್ಕಬ್ಬೆ ಹತ್ತಿರದ ಪಾಡಿಯಲ್ಲಿ ನೆಲೆಸುತ್ತಾನೆ. ಅವನು ಮಳೆಯ ದೇವರು, ಬೆಳೆಯ ದೇವರು. ಹೊಸ ಭತ್ತದ ಹಬ್ಬವಾದ ಪುತ್ತರಿಯ (ಕನ್ನಡದಲ್ಲಿ ಹುತ್ತರಿ) ದಿನ ಇವತ್ತಿಗೂ ನಿಗದಿಯಾಗುವುದು ಆ ದೇವಸ್ಥಾನದಲ್ಲೇ. ಈ ಹಾಡಿನಲ್ಲಿ ಘಟ್ಟ ಹತ್ತಿ ಬಂದ ಜನರ ನೆನಪಿದೆ. ಅರಬ್ಬೀ ಸಮುದ್ರದ ಕಡೆಯಿಂದ ಬರುವ ಮಳೆಯ ದಾರಿಯಿದೆ. ಭತ್ತದ ಲೆಕ್ಕವಿದೆ. ಮಳೆಯೂ ದೇವರೂ ಒಂದೇ ದಿಕ್ಕಿನಿಂದ ಬಂದದ್ದು ಸುಮ್ನೆ ಆಗಿರಲಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ಪಠ್ಯಗಳಲ್ಲಿ ಇದು 'ಜಾನಪದ' ಎಂಬ ಕಪಾಟಿಗೆ ಹೋಯಿತು. ಹವಾಮಾನ ಓದುವವರು ಆ ಕಪಾಟು ತೆಗೆಯುವುದಿಲ್ಲ.

ಚಿಣ್ಣಪ್ಪ ಅವರಿಗೆ ಒಂದು ತೊಡಕಿತ್ತು. ಕೊಡವ ತಕ್ಕ್‌ನಲ್ಲಿ ಕನ್ನಡದಲ್ಲಿಲ್ಲದ ಎರಡು ಸ್ವರಗಳಿವೆ. ಹ್ರಸ್ವ, ದೀರ್ಘ ಸೇರಿದರೆ ನಾಲ್ಕು ಉಚ್ಚಾರ. ಅವಕ್ಕೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ. ಮುಂದೆ ಮರ್ರೆ ಎಮಿನೋ ಎಂಬ ಭಾಷಾವಿಜ್ಞಾನಿ ಈ ಸ್ವರಗಳ ಬಗ್ಗೆಯೇ ಬರೆದರು. ದ್ರಾವಿಡ ಭಾಷೆಗಳ ಅಧ್ಯಯನದಲ್ಲಿ ಅದು ದೊಡ್ಡ ಕೆಲಸ. ಬರೆದ ಪಾಟ್ ಓದುವ ಕನ್ನಡಿಗನಿಗೆ ಮಾತ್ರ ಆ ಸ್ವರ ಕೇಳಿಸುವುದಿಲ್ಲ. ಮಡಿಕೇರಿಯಲ್ಲಿದ್ದ ಪಂಜೆ ಮಂಗೇಶರಾಯರು 'ಹುತ್ತರಿ ಹಾಡು' ಬರೆದು ಕನ್ನಡಿಗರಿಗೆಲ್ಲ ಕೊಡಗನ್ನು ಪರಿಚಯಿಸಿದರು. ನಮಗೆ ಅದು ಬಾಯಿಗೆ ಬಂತು, ಪುತ್ತರಿ ಪಾಟ್ ಬರಲಿಲ್ಲ. ಅದರಲ್ಲಿ ಕವಿಯ ತಪ್ಪೇನಿಲ್ಲ ಬಿಡಿ.

1952ರಲ್ಲಿ ಎಂ.ಎನ್. ಶ್ರೀನಿವಾಸ್ ಅವರ ಕೊಡವರ ಧರ್ಮ ಮತ್ತು ಸಮಾಜದ ಅಧ್ಯಯನ ಬಂತು. ಸಂಸ್ಕೃತೀಕರಣ (ಕೆಳಗಿನ ಜಾತಿಗಳು ಮೇಲಿನವರ ಆಚಾರ ಹಿಡಿಯುವುದು) ಎಂಬ ಪದ ಸಮಾಜಶಾಸ್ತ್ರಕ್ಕೆ ಹೋದದ್ದು ಇಲ್ಲಿಂದಲೇ. ಶ್ರೀನಿವಾಸ್ 'ಪಟ್ಟೋಲೆ ಪಳಮೆ'ಯನ್ನು ಚೆನ್ನಾಗಿಯೇ ಬಳಸಿಕೊಂಡರು. ಒಕ್ಕ (ಒಂದೇ ಮೂಲದ ಕುಟುಂಬ), ಐನ್‌ಮನೆ (ಅದರ ಹಿರಿಮನೆ), ಕೈಮಡ (ಹಿರಿಯರ ಗುಡಿ) ಎಲ್ಲ ಜಗತ್ತಿನ ಓದುಗರಿಗೆ ತಿಳಿಯಿತು. ಆದರೆ ಪುಸ್ತಕದಲ್ಲಿ ಕಾಡು ನಾಟಕದ ಪರದೆಯ ಹಾಗೆ ಹಿಂದೆ ನಿಂತಿದೆ. ಒಕ್ಕ ಬದುಕಿದ್ದು ಬಾಣೆಯಿಂದ, ಬಾಣೆ ಬದುಕಿದ್ದು ಕಾಡಿನ ಅಂಚಿನಲ್ಲಿ. ಅದು ಆ ಕಾಲದ ಸಮಾಜಶಾಸ್ತ್ರದ ಪ್ರಶ್ನೆಯಾಗಿರಲಿಲ್ಲ.

ಕಾಡಿನ ಸರದಿ ತಡವಾಗಿ ಬಂತು. 1980ರ ದಶಕದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆ ಪಶ್ಚಿಮಘಟ್ಟದ ಸಸ್ಯಗಳ ನಕ್ಷೆ ತಯಾರಿಸಿತು. ಆಮೇಲೆ ದೇವರಕಾಡಿನ ಮೇಲೆ ಕಣ್ಣು ಬಿತ್ತು. ಎಂ.ಎ. ಕಲಾಂ ಅವರ 1996ರ ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುವುದು ಒಂದು ಕಾರಣಕ್ಕೆ. ಅವರು ಮರ ಎಣಿಸುವ ಮೊದಲು ಕಡತ ಎಣಿಸಿದರು. ಕೊಡಗಿನಲ್ಲಿ 1,214 ದೇವರಕಾಡುಗಳು, ಒಟ್ಟು ಸುಮಾರು 2,550 ಹೆಕ್ಟೇರ್. 1905ರಲ್ಲಿ 15,506 ಎಕರೆ ಇದ್ದದ್ದು 1985ರ ಹೊತ್ತಿಗೆ 6,299 ಎಕರೆಗೆ ಇಳಿದಿತ್ತು. ಎಂಬತ್ತು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು.

ಯಾರು ತೆಗೆದುಕೊಂಡರು? ಒಬ್ಬರ ಹೆಸರು ಹೇಳುವ ಹಾಗಿಲ್ಲ. ದೇವರಕಾಡು ಬಹುಕಾಲ ಕಂದಾಯ ಇಲಾಖೆಯ ಕೈಯಲ್ಲಿತ್ತು. 1985ರಲ್ಲಿ ಅರಣ್ಯ ಇಲಾಖೆಗೆ ಬಂತು. ಪೂಜೆ ನಡೆಸುವುದು ಊರಿನವರು, ಅದರ ಹೊಣೆ ದೇವಸ್ಥಾನದ ಮುಖ್ಯಸ್ಥನಾದ ದೇವತಕ್ಕನದು. ಮೂವರದ್ದೂ ಆದದ್ದು ಯಾರದ್ದೂ ಅಲ್ಲ ಎಂದಾಗಲು ಎಷ್ಟು ಹೊತ್ತು? ಅಂಚಿನ ತೋಟ ಪ್ರತಿ ವರ್ಷ ನಾಲ್ಕು ಗಿಡ ಒಳಗೆ ಬಂತು. ದಾರಿ ಬಂತು, ಮನೆ ಬಂತು. ಸೂರಿಲ್ಲದವರು ಗುಡಿಸಲು ಹಾಕಿದ್ದೂ ಇದೆ, ಉಳ್ಳವರು ಬೇಲಿ ಸರಿಸಿದ್ದೂ ಇದೆ. ತೆರವಿನ ಮಾತು ಬಂದಾಗ ಮೊದಲು ಕಣ್ಣಿಗೆ ಬೀಳುವುದು ಗುಡಿಸಲು. ಕಾಫಿ ಗಿಡದ ಸಾಲು ನೋಡಲು ಕಾಡಿನ ಹಾಗೇ ಇರುತ್ತದೆ.

ಪೊನ್ನಂಪೇಟೆಯ ಅರಣ್ಯ ಕಾಲೇಜಿನವರು ಮತ್ತು ಹೊರಗಿನ ಸಂಶೋಧಕರು ಸೇರಿ ದೇವರಕಾಡು, ಕಾಫಿ ತೋಟ, ಮೀಸಲು ಅರಣ್ಯ ಮೂರನ್ನೂ ಹೋಲಿಸಿ ನೋಡಿದರು. ಮರ, ಹಕ್ಕಿ, ಅಣಬೆ ಲೆಕ್ಕ ಹಾಕಿದರು. ಚಿಕ್ಕ ಚಿಕ್ಕ ದೇವರಕಾಡುಗಳಲ್ಲೂ ಅಳಿವಿನ ಅಂಚಿನ ಮರಗಳು ಉಳಿದಿರುವುದು ಗೊತ್ತಾಯಿತು. ನೆರಳಿನ ಕಾಫಿ ತೋಟವೂ ಪೂರ್ತಿ ಬಂಜರಲ್ಲ ಎಂದು ಗೊತ್ತಾಯಿತು. ಕೊಡಗಿನ ಪರಿಸರದ ಚರ್ಚೆಗೆ ಇದು ಹೊಸ ದಾರಿ ತೆರೆಯಿತು. ಕಾಡು ಅಥವಾ ತೋಟ ಎಂದು ಎರಡೇ ಬಣ್ಣದಲ್ಲಿ ನೋಡುತ್ತಿದ್ದವರಿಗೆ ನಡುವಿನ ಬಣ್ಣ ಕಂಡಿತು. 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ ಬಂದ ಮೇಲೆ ಆ ನಡುವಿನ ಬಣ್ಣ ಮತ್ತೆ ಮಾಯವಾಯಿತು. ಪರ, ವಿರೋಧ ಎರಡೇ ಉಳಿದವು.

ಇಷ್ಟರಲ್ಲೂ ಕೆಲವರ ದನಿ ಕೇಳಿಸಿದ್ದು ಕಡಿಮೆ. ಕೊಡಗು ಎಂದರೆ ಕೊಡವರು ಎಂದೇ ಹೆಚ್ಚಿನ ಪುಸ್ತಕಗಳು ಹಿಡಿದವು. ಕೊಡಗಿನ ಗೌಡರ ಮಾತಾದ ಅರೆಭಾಷೆಗೆ ಅಕಾಡೆಮಿ ಬಂದದ್ದು 2011ರಲ್ಲಿ, ಕೊಡವ ಅಕಾಡೆಮಿ ಬಂದ ಎಷ್ಟೋ ವರ್ಷದ ಮೇಲೆ. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದಾಗ ಜೇನುಕುರುಬರು, ಯರವರು ಹೊರಗೆ ಬರಬೇಕಾಯಿತು. ಕಾಡಿನ ಬಗ್ಗೆ ಬರೆದವರು ಹುಲಿಯ ಲೆಕ್ಕ ಇಟ್ಟರು. ಸಮಾಜದ ಬಗ್ಗೆ ಬರೆದವರು ಒಕ್ಕದ ಲೆಕ್ಕ ಇಟ್ಟರು. ಕಾಡಿನ ಈ ಜನ ಎರಡು ಕಪಾಟಿನ ಸಂದಿಯಲ್ಲಿ ಬಿದ್ದರು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕುವಾಗ ಹಳೆಯ ಬದುಕಿಗೆ ಪುರಾವೆ ಬೇಕು. ಕಾಯ್ದೆಯ ನಿಯಮದಲ್ಲಿ ಹಿರಿಯರ ಹೇಳಿಕೆಗೂ ಬೆಲೆ ಇದೆ. ಆದರೂ ಮೇಜಿನ ಆಚೆ ಕೂತವರು ಮೊದಲು ಕೇಳುವುದು ಕಾಗದವನ್ನೇ.

ದೇವರಪುರದಲ್ಲಿ ವರ್ಷಕ್ಕೊಮ್ಮೆ ಕುಂಡೆ ಹಬ್ಬ ನಡೆಯುತ್ತದೆ. ಕುರುಬರು, ಯರವರು ವೇಷ ಹಾಕಿ, ಡಬ್ಬ ಬಡಿದು, ದೇವರನ್ನೂ ದಾರಿಯಲ್ಲಿ ಸಿಕ್ಕವರನ್ನೂ ಬೈಯುತ್ತಾ ದೇವಸ್ಥಾನಕ್ಕೆ ಬರುತ್ತಾರೆ. ಟಿವಿಯವರು ಬೈಗುಳವನ್ನು ತಮಾಷೆಯಾಗಿ ತೋರಿಸಿ ಹೋಗುತ್ತಾರೆ. ಬೈಯಲು ಕಾರಣ ಹೇಳುವ ಕಥೆಯೊಂದಿದೆ. ಬೇಟೆಗೆ ಕರೆದುಕೊಂಡು ಹೋದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ, ನಂಬಿ ಬಂದವರನ್ನು ಕಾಡಿನಲ್ಲೇ ಬಿಟ್ಟುಬಿಟ್ಟನಂತೆ. ಆ ಅಯ್ಯಪ್ಪನಿಗೆ ಕೊಡಗಿನ ದೇವರಕಾಡುಗಳಲ್ಲಿ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುತ್ತಾರೆ. ಮರದ ಬುಡದಲ್ಲಿ ಅವು ಸಾಲಾಗಿ ಕೂತಿರುತ್ತವೆ, ಹಳೆಯವು ಪಾಚಿ ಹಿಡಿದು, ಹೊಸವು ಇನ್ನೂ ಕೆಂಪಗೆ.