ಅಂಕಪಟ್ಟಿ ನಿಜವೆಂದು ವಿಶ್ವವಿದ್ಯಾಲಯಕ್ಕೆ ಗೊತ್ತಾಗುವುದು ಹೇಗೆ?

ಬ್ರಿಟನ್ನಿನ ವಿಶ್ವವಿದ್ಯಾಲಯದಿಂದ ‘ಅನ್‌ಕಂಡಿಷನಲ್ ಆಫರ್’ (ಷರತ್ತಿಲ್ಲದ ಪ್ರವೇಶದ ಭರವಸೆ) ಬಂದರೆ ಸೀಟು ಪಕ್ಕಾ, ಇನ್ನು ಯಾರೂ ಏನೂ ಕೇಳುವುದಿಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧ. ಕಂಡಿಷನಲ್ ಆಫರ್ ಪಡೆದವರ ಫಲಿತಾಂಶ ಇನ್ನೂ ಬಂದಿರುವುದಿಲ್ಲ, ಬರುವ ತನಕ ವಿಶ್ವವಿದ್ಯಾಲಯ ಕಾಯುತ್ತದೆ, ಅಷ್ಟೆ. ಅನ್‌ಕಂಡಿಷನಲ್ ಆಫರ್ ಸಾಮಾನ್ಯವಾಗಿ ಸಿಗುವುದು ‘ಬೇಕಾದ ಅರ್ಹತೆ ನನ್ನ ಬಳಿ ಈಗಾಗಲೇ ಇದೆ’ ಎನ್ನುವವರಿಗೆ. ಆ ಮಾತಿಗೆ ಪುರಾವೆಯನ್ನು ಆಗಲೇ ಹುಡುಕಬೇಕಾಗುತ್ತದೆ. ಹಾಜರಾತಿ ಶುರುವಾದ ಮೇಲೆ ದಾಖಲೆ ಸುಳ್ಳೆಂದು ತಿಳಿದರೂ ಪ್ರವೇಶ ರದ್ದಾಗಬಹುದು.

(ಶಾಲೆ ಅಂದಾಜಿಸಿದ ಗ್ರೇಡುಗಳನ್ನು ನಂಬಿ ಪರೀಕ್ಷೆಗೆ ಮೊದಲೇ ಅನ್‌ಕಂಡಿಷನಲ್ ಆಫರ್ ಹಂಚುವ ಪದ್ಧತಿಯೂ ಅಲ್ಲಿತ್ತು. ‘ನಮ್ಮನ್ನೇ ಮೊದಲ ಆಯ್ಕೆ ಮಾಡಿಕೊಂಡರೆ ಮಾತ್ರ’ ಎಂಬ ಒತ್ತಡದ ಆಫರುಗಳಿಗೆ ಇಂಗ್ಲೆಂಡಿನ ನಿಯಂತ್ರಕ ಸಂಸ್ಥೆ ಆಫೀಸ್ ಫಾರ್ ಸ್ಟೂಡೆಂಟ್ಸ್ 2020ರಲ್ಲಿ ಕಡಿವಾಣ ಹಾಕಿತು. ಅದು ಬೇರೆಯೇ ಚರ್ಚೆ.)

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಆಳವಾಗಿ ಬೇರೂರಿದೆ: ಸೀಲು, ಸಹಿ, ಹೊಲೊಗ್ರಾಮ್ ಇದ್ದರೆ ದಾಖಲೆ ಅಸಲಿ ಎಂಬುದು. ನೋಟರಿಯ ‘ಮೂಲಕ್ಕೆ ಸರಿಯಾದ ನಕಲು’ ಎಂಬ ಸಹಿ ಏನು ಹೇಳುತ್ತದೆ? ತನ್ನ ಮುಂದೆ ಇಟ್ಟ ಹಾಳೆಗೂ ಈ ಜೆರಾಕ್ಸಿಗೂ ವ್ಯತ್ಯಾಸವಿಲ್ಲ ಎಂದು ಮಾತ್ರ. ಆ ಹಾಳೆಯನ್ನು ಯಾರು ಮುದ್ರಿಸಿದರು ಎಂಬುದು ನೋಟರಿಗೆ ಗೊತ್ತಿರಬೇಕಿಲ್ಲ. ಇದರ ಮೇಲೆ ಅಪೊಸ್ಟಿಲ್ ಬಂತೆನ್ನಿ. ಅಪೊಸ್ಟಿಲ್ ಎಂದರೆ ಹೊರದೇಶದಲ್ಲಿ ಬಳಸುವ ದಾಖಲೆಗೆ ಸರ್ಕಾರ ಕೊಡುವ ದೃಢೀಕರಣ, 1961ರ ಹೇಗ್ ಒಪ್ಪಂದದಿಂದ ಹುಟ್ಟಿದ್ದು. ಸಹಿ ಅಸಲಿ, ಸಹಿ ಮಾಡಿದವರಿಗೆ ಆ ಅಧಿಕಾರವಿತ್ತು, ಮೊಹರು ಅವರದೇ ಎಂಬ ಮೂರು ಸಂಗತಿಗಳನ್ನು ಅದು ದೃಢಪಡಿಸುತ್ತದೆ. ಒಳಗೆ ಬರೆದದ್ದು ನಿಜವೇ ಎಂಬುದು ಅದರ ಕೆಲಸವೇ ಅಲ್ಲ. ಹೀಗಾಗಿ ನಕಲಿ ಅಂಕಪಟ್ಟಿಯ ಮೇಲೆ ಅಸಲಿ ನೋಟರಿ ಸಹಿ, ಅದರ ಮೇಲೆ ಅಸಲಿ ಅಪೊಸ್ಟಿಲ್ ಕೂರುವುದು ಸಾಧ್ಯ. ಸರಪಳಿಯ ಪ್ರತಿ ಕೊಂಡಿಯೂ ಸತ್ಯವನ್ನೇ ಹೇಳುತ್ತಿರುತ್ತದೆ, ಬುಡವೊಂದು ಸುಳ್ಳು. ಕೆಲವು ದೇಶಗಳಲ್ಲಿ ಅಪೊಸ್ಟಿಲ್‌ಗೆ ಮೊದಲು ಶಿಕ್ಷಣ ಇಲಾಖೆ ದಾಖಲೆಯನ್ನು ತಾಳೆ ನೋಡುತ್ತದೆ. ಆಗಲೂ ಬೆಲೆ ಇರುವುದು ಆ ತಾಳೆಗೆ, ಸೀಲಿಗಲ್ಲ.

ಅಡ್ಮಿಷನ್ಸ್ ಕಚೇರಿಯವರು ಕಾಗದವನ್ನು ನೋಡುವುದೇ ಇಲ್ಲವೆಂದಲ್ಲ. ಅನುಭವಿಗಳ ಕಣ್ಣು ಅಕ್ಷರದ ವಿನ್ಯಾಸಕ್ಕಿಂತ ಮೊದಲು ದಿನಾಂಕಗಳ ಮೇಲೆ ಬೀಳುತ್ತದೆ. ಪದವಿ ಪ್ರದಾನದ ದಿನ ಕೊನೆಯ ಪರೀಕ್ಷೆಗಿಂತ ಮುಂಚೆ ಇದೆಯೇ? ಪ್ರಮಾಣಪತ್ರದಲ್ಲಿರುವ ಹೆಸರು ಆ ವರ್ಷ ಆ ವಿಶ್ವವಿದ್ಯಾಲಯಕ್ಕೆ ಇತ್ತೇ, ಅಥವಾ ಆಮೇಲೆ ಬದಲಾಗಿ ಬಂದ ಹೆಸರೇ? ಸೆಮಿಸ್ಟರುಗಳ ಅಂಕ ಕೂಡಿದರೆ ಕೆಳಗಿನ ಮೊತ್ತ ಬರುತ್ತದೆಯೇ? ಒಂದು ವಿಷಯದ ಅಂಕವನ್ನಷ್ಟೇ ತಿದ್ದಿದವರು ಒಟ್ಟು ಅಂಕ, ಶೇಕಡಾವಾರು, ದರ್ಜೆ ಮೂರನ್ನೂ ತಿದ್ದಲು ಮರೆಯುವುದುಂಟು. ಆದರೆ ಇದೆಲ್ಲ ಅನುಮಾನ ಹುಟ್ಟಿಸಬಲ್ಲದೇ ಹೊರತು ಅನುಮಾನ ಕಳೆಯಲಾರದು. ಚೆನ್ನಾಗಿ ಮಾಡಿದ ನಕಲಿಯ ಮುಂದೆ ಕಣ್ಣು ಸೋಲುತ್ತದೆ.

ಹಾಗಾದರೆ ಪರಿಶೀಲನೆ ಎಂದರೇನು? ದಾಖಲೆ ಕೊಟ್ಟ ಸಂಸ್ಥೆಯ ಉತ್ತರ, ಅಭ್ಯರ್ಥಿಯ ಕೈ ತಾಕದ ದಾರಿಯಲ್ಲಿ, ನೇರವಾಗಿ ವಿಶ್ವವಿದ್ಯಾಲಯಕ್ಕೆ ತಲುಪುವುದು. ಉಳಿದದ್ದೆಲ್ಲ ಈ ಒಂದು ತತ್ವದ ಬೇರೆ ಬೇರೆ ರೂಪಗಳು.

ಬ್ರಿಟನ್ನಿನೊಳಗೆ ಈ ದಾರಿ ತೀರ ಸಲೀಸು. ಪದವಿ ಪ್ರವೇಶದ ಅರ್ಜಿಗಳನ್ನು ನಿಭಾಯಿಸುವ ಯುಕಾಸ್ ಸಂಸ್ಥೆಗೂ ಪರೀಕ್ಷಾ ಮಂಡಳಿಗಳಿಗೂ ನಡುವೆ ‘ಅವಾರ್ಡಿಂಗ್ ಬಾಡಿ ಲಿಂಕೇಜ್’ ಎಂಬ ದತ್ತಾಂಶ ಸಂಪರ್ಕವಿದೆ. ಎ-ಲೆವೆಲ್ (ನಮ್ಮ ಪಿಯುಸಿಯಂಥ ಪರೀಕ್ಷೆ) ಫಲಿತಾಂಶ ಆಗಸ್ಟ್ ಮಧ್ಯದ ಗುರುವಾರ ವಿದ್ಯಾರ್ಥಿಗಳಿಗೆ ತಿಳಿಯುವ ಕೆಲವು ದಿನ ಮೊದಲೇ, ಗೌಪ್ಯತೆಯ ಕಟ್ಟುಪಾಡಿನೊಂದಿಗೆ, ವಿಶ್ವವಿದ್ಯಾಲಯಗಳಿಗೆ ಸೇರಿರುತ್ತದೆ. ಇಲ್ಲಿ ಕೆಡುವುದು ಹೆಚ್ಚಾಗಿ ಮೋಸದಿಂದಲ್ಲ, ವಿವರಗಳ ಹೊಂದಾಣಿಕೆ ತಪ್ಪುವುದರಿಂದ. ಅರ್ಜಿಯಲ್ಲಿ ಒಂದು ಹೆಸರು, ಪರೀಕ್ಷಾ ಮಂಡಳಿಯಲ್ಲಿ ಮದುವೆಗೆ ಮುಂಚಿನ ಹೆಸರು. ಹುಟ್ಟಿದ ದಿನಾಂಕದಲ್ಲಿ ತಿಂಗಳು ಅದಲುಬದಲು. ಪರೀಕ್ಷಾ ಕೇಂದ್ರದ ಸಂಖ್ಯೆ ತಪ್ಪು. ಆಗ ಫಲಿತಾಂಶ ಯಾರದೆಂದು ಗಣಕಕ್ಕೆ ತಿಳಿಯದೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಹಲವು ವರ್ಷಗಳ ಹಿಂದೆ ಪಾಸಾದವರದು ಈ ಕೊಂಡಿಯಲ್ಲಿ ಬರುವುದಿಲ್ಲ, ಪ್ರಮಾಣಪತ್ರವನ್ನು ತಾವೇ ಸಲ್ಲಿಸಬೇಕು. ಅದು ಕಳೆದುಹೋಗಿದ್ದರೆ ಪರೀಕ್ಷಾ ಮಂಡಳಿಗೆ ಶುಲ್ಕ ಕಟ್ಟಿ ಫಲಿತಾಂಶದ ದೃಢೀಕರಣ ಪತ್ರವನ್ನು ತರಿಸಿಕೊಳ್ಳಬಹುದು. ಪರೀಕ್ಷೆ ನಡೆಸಿದ ಮಂಡಳಿಯೇ ಮುಚ್ಚಿಹೋಗಿದ್ದರೆ ದಾಖಲೆಗಳು ಅದರ ವಾರಸುದಾರ ಮಂಡಳಿಯ ಬಳಿ ಇರುತ್ತವೆ.

ಈ ಹೊಂದಾಣಿಕೆಯಲ್ಲಿ ನೆರವಾಗುವ ಒಂದು ಸಂಖ್ಯೆಯ ಒಳಗುಟ್ಟು ನೋಡಲೇಬೇಕಾದದ್ದು. ಇಂಗ್ಲೆಂಡಿನಲ್ಲಿ 14 ವರ್ಷ ದಾಟಿದ ವಿದ್ಯಾರ್ಥಿಗಳಿಗೆ ‘ಯುನೀಕ್ ಲರ್ನರ್ ನಂಬರ್’ ಎಂಬ 10 ಅಂಕಿಗಳ ಸಂಖ್ಯೆ ಕೊಡುತ್ತಾರೆ. ಅದರಲ್ಲಿ ಗುರುತಿನ ಕೆಲಸ ಮಾಡುವುದು ಮೊದಲ ಒಂಬತ್ತು ಮಾತ್ರ, ಹತ್ತನೆಯದು ಕಾವಲುಗಾರ. ಮೊದಲ ಅಂಕಿಯನ್ನು 10ರಿಂದ, ಎರಡನೆಯದನ್ನು 9ರಿಂದ, ಹೀಗೆ ಇಳಿಯುತ್ತ ಒಂಬತ್ತನೆಯದನ್ನು 2ರಿಂದ ಗುಣಿಸಿ, ಎಲ್ಲ ಕೂಡಿ, 11ರಿಂದ ಭಾಗಿಸಬೇಕು. ಬಂದ ಶೇಷವನ್ನು 10ರಿಂದ ಕಳೆದರೆ ಹತ್ತನೆಯ ಅಂಕಿ ಸಿಗುತ್ತದೆ. 123456789 ತೆಗೆದುಕೊಳ್ಳೋಣ. 10+18+24+28+30+30+28+24+18, ಒಟ್ಟು 210. 11ರಿಂದ ಭಾಗಿಸಿದರೆ ಶೇಷ 1. ಹತ್ತನೆಯ ಅಂಕಿ 9. ಈಗ ಟೈಪ್ ಮಾಡುವವರು 3 ಮತ್ತು 4ನ್ನು ಅದಲುಬದಲು ಮಾಡಿದರು ಎಂದುಕೊಳ್ಳಿ. ಮೊತ್ತ 211, ಶೇಷ 2, ಕೊನೆಯ ಅಂಕಿ 8 ಆಗಬೇಕಿತ್ತು. ಆದರೆ ಅಲ್ಲಿರುವುದು 9. ತಪ್ಪು ಸಿಕ್ಕಿಬಿತ್ತು.

11ನ್ನೇ ಏಕೆ ಆರಿಸಿಕೊಂಡರು? ಅದು ಅವಿಭಾಜ್ಯ ಸಂಖ್ಯೆ. ಒಂದು ಅಂಕಿ ತಪ್ಪಿದರೆ ಮೊತ್ತದಲ್ಲಾಗುವ ವ್ಯತ್ಯಾಸ ಎಂದರೆ 1ರಿಂದ 9ರೊಳಗಿನ ಒಂದು ಸಂಖ್ಯೆಯನ್ನು 2ರಿಂದ 10ರೊಳಗಿನ ಇನ್ನೊಂದರಿಂದ ಗುಣಿಸಿದ್ದು. ಇಂಥ ಗುಣಲಬ್ಧವನ್ನು 11 ಎಂದೂ ನಿಶ್ಶೇಷವಾಗಿ ಭಾಗಿಸಲಾರದು. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಹೆಚ್ಚೆಂದರೆ 9, ಅದೂ ತಪ್ಪಿಸಿಕೊಳ್ಳದು. ಹಾಗಾಗಿ ಒಂದಂಕಿಯ ತಪ್ಪು, ಅದಲುಬದಲಿನ ತಪ್ಪು ಎರಡೂ ನೂರಕ್ಕೆ ನೂರು ಹಿಡಿಯಲ್ಪಡುತ್ತವೆ. ಶೇಷ 0 ಬಂದರೆ ಕೊನೆಯ ಅಂಕಿ 10 ಆಗಬೇಕಾಗುತ್ತದೆ, ಒಂದೇ ಜಾಗದಲ್ಲಿ ಅದು ಹಿಡಿಸದು. ಅಂಥ ಸಂಖ್ಯೆಗಳನ್ನು ಯಾರಿಗೂ ಕೊಡುವುದೇ ಇಲ್ಲ. ಪುಸ್ತಕಗಳ ಹಳೆಯ ಹತ್ತಂಕಿಯ ಐಎಸ್‌ಬಿಎನ್ ಕೂಡ ಇದೇ 11ರ ಮೇಲೆ ನಿಂತಿತ್ತು.

ಆದರೆ ಈ ಕಾವಲುಗಾರ ಕಾಯುವುದು ಕೈತಪ್ಪಿನಿಂದ ಮಾತ್ರ. ಲೆಕ್ಕದ ವಿಧಾನ ಎಲ್ಲರಿಗೂ ಗೊತ್ತು. ಸುಳ್ಳು ಸಂಖ್ಯೆ ಕಟ್ಟುವವರೂ ಸರಿಯಾದ ಕೊನೆಯ ಅಂಕಿ ಹಾಕಬಲ್ಲರು. ಲೆಕ್ಕವೇ ಮಾಡದೆ ಮನಬಂದಂತೆ ಬರೆದರೂ ಸರಾಸರಿ 11ರಲ್ಲಿ ಒಂದು ದಾಟಿಹೋಗುತ್ತದೆ. ಮೋಸ ತಡೆಯಲು ಬೇಕಾದದ್ದು ಎಲ್ಲರೂ ಪರೀಕ್ಷಿಸಬಹುದಾದ, ಆದರೆ ಒಬ್ಬರೇ ತಯಾರಿಸಬಹುದಾದ ಗುರುತು. ಅದೇ ಡಿಜಿಟಲ್ ಸಹಿ.

ವಿಶ್ವವಿದ್ಯಾಲಯ ತನ್ನ ಟ್ರಾನ್ಸ್‌ಕ್ರಿಪ್ಟ್‌ನ ಪಿಡಿಎಫ್ ಕಡತದಿಂದ ಮೊದಲು ಒಂದು ಹ್ಯಾಶ್, ಅಂದರೆ ಆ ಕಡತದ ಬೆರಳಚ್ಚಿನಂಥ ಒಂದು ಸಂಖ್ಯೆ, ಹೊರತೆಗೆಯುತ್ತದೆ. ಎಸ್‌ಎಚ್‌ಎ-256 ವಿಧಾನದಲ್ಲಾದರೆ ಕಡತ ಒಂದು ಪುಟವಿರಲಿ, ನೂರು ಪುಟವಿರಲಿ, ಹ್ಯಾಶ್ 256 ಬಿಟ್‌ಗಳದ್ದೇ. ಒಳಗೆ ಒಂದು 5ನ್ನು 8 ಮಾಡಿದರೆ ಅದರಲ್ಲಿ ಸುಮಾರು ಅರ್ಧದಷ್ಟು ಬಿಟ್‌ಗಳು ಬದಲಾಗಿಬಿಡುತ್ತವೆ. ಈ ಹ್ಯಾಶ್‌ಗೆ ವಿಶ್ವವಿದ್ಯಾಲಯ ತನ್ನ ಖಾಸಗಿ ಕೀಲಿಯಿಂದ ಸಹಿ ಹಾಕುತ್ತದೆ. ಜೋಡಿಯ ಇನ್ನೊಂದು ಕೀಲಿ ಸಾರ್ವಜನಿಕ. ಅದರಿಂದ ಯಾರು ಬೇಕಾದರೂ ಸಹಿಯನ್ನು ಪರೀಕ್ಷಿಸಬಹುದು, ಹೊಸದನ್ನು ಹಾಕಲಾಗದು. ಆರ್‌ಎಸ್‌ಎ ಎಂಬ ಸಹಿ ವಿಧಾನದಲ್ಲಿ ಭದ್ರತೆ ನಿಂತಿರುವುದು ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಮತ್ತೆ ಬಿಡಿಸುವ ಕಷ್ಟದ ಮೇಲೆ. 2020ರಲ್ಲಿ 250 ಅಂಕಿಗಳ ಅಂಥ ಸಂಖ್ಯೆಯೊಂದನ್ನು ಬಿಡಿಸಿದ್ದಾರೆ. ಬಳಕೆಯಲ್ಲಿರುವ 2048 ಬಿಟ್‌ಗಳ ಸಂಖ್ಯೆಗೆ 617 ಅಂಕಿಗಳು.

ಇಲ್ಲೊಂದು ಚರಿತ್ರೆಯ ಕೌತುಕವಿದೆ. ಯುಕಾಸ್ ಕಚೇರಿ ಇರುವುದು ಚೆಲ್ಟನಮ್ ಪಟ್ಟಣದಲ್ಲಿ. ಬ್ರಿಟನ್ನಿನ ಗೂಢಲಿಪಿ ಸಂಸ್ಥೆ ಜಿಸಿಎಚ್‌ಕ್ಯೂ ಇರುವುದೂ ಅಲ್ಲೇ. ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು 1977ರಲ್ಲಿ ಕಂಡುಕೊಂಡ ಆರ್‌ಎಸ್‌ಎಯ ತಿರುಳನ್ನು ಆ ಸಂಸ್ಥೆಯ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಕಂಡುಕೊಂಡಿದ್ದರು. ರಹಸ್ಯದ ಕಾರಣ ಅದು ಹೊರಗೆ ಬಂದದ್ದು 1997ರಲ್ಲಿ.

ಡಿಜಿಟಲ್ ಸಹಿಯೂ ಕೈಕೊಡುತ್ತದೆ, ಗಣಿತದ ಕಾರಣಕ್ಕಿಂತ ಬಳಕೆಯ ಕಾರಣಕ್ಕೆ. ಅಭ್ಯರ್ಥಿ ಆ ಪಿಡಿಎಫನ್ನು ಮುದ್ರಿಸಿ, ಸ್ಕ್ಯಾನ್ ಮಾಡಿ, ಮತ್ತೆ ಪಿಡಿಎಫ್ ಮಾಡಿ ಕಳಿಸುತ್ತಾರೆ. ಇದು ಲಕೋಟೆಯ ಅರಗಿನ ಮುದ್ರೆಯ ಫೋಟೊ ತೆಗೆದು ಕಳಿಸಿದಂತೆ. ಮುದ್ರೆ ಕಾಣುತ್ತದೆ, ಕೆಲಸ ಮಾಡದು. ಎರಡು ಕಡತಗಳನ್ನು ಒಂದಾಗಿ ಜೋಡಿಸಿದರೂ, ಗಾತ್ರ ಕುಗ್ಗಿಸಿದರೂ ಸಹಿ ಮುರಿಯುತ್ತದೆ. ಬಂದ ಕಡತವನ್ನು ಬಂದ ಹಾಗೆಯೇ ಅಪ್‌ಲೋಡ್ ಮಾಡಬೇಕು. ಎರಡನೆಯ ತೊಂದರೆ: ಹಸಿರು ಗುರುತು ಕಂಡರೆ ‘ಸಹಿಯಾದ ಮೇಲೆ ಕಡತ ಬದಲಾಗಿಲ್ಲ’ ಎಂದರ್ಥ. ಸಹಿ ಹಾಕಿದವರು ಯಾರು ಎಂದು ಹೆಸರನ್ನು ತೆರೆದು ನೋಡಬೇಕು. ಗಣಿತವೂ ಹಳೆಯದಾಗುತ್ತದೆ. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧಕರು ಒಂದೇ ಎಸ್‌ಎಚ್‌ಎ-1 ಹ್ಯಾಶ್ ಇರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು ತೋರಿಸಿಕೊಟ್ಟರು. ಅಲ್ಲಿಗೆ ಸಹಿಯ ಕೆಲಸಕ್ಕೆ ಎಸ್‌ಎಚ್‌ಎ-1 ಯೋಗ್ಯವಲ್ಲ ಎಂಬುದು ಕೈಗೆ ಕಾಣುವಂತಾಯಿತು.

ಹೊರದೇಶದ ದಾಖಲೆಗಳಿಗೆ ಈಗ ಹಲವೆಡೆ ಸರ್ಕಾರಿ ಅಥವಾ ಸಾಮೂಹಿಕ ಪೋರ್ಟಲ್‌ಗಳಿವೆ: ಚೀನಾಕ್ಕೆ ಸಿಎಚ್‌ಎಸ್‌ಐ, ಭಾರತಕ್ಕೆ ಡಿಜಿಲಾಕರ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಮೈ ಈಕ್ವಲ್ಸ್, ಅಮೆರಿಕಕ್ಕೆ ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್. ಬ್ರಿಟನ್ನಿನದೇ ಪದವಿಗಳಿಗೆ ಜಿಸ್ಕ್ ಸಂಸ್ಥೆ ನಡೆಸುವ ಹೆಡ್ ಸೇವೆ ಇದೆ, ಪದವೀಧರರ ಒಪ್ಪಿಗೆಯ ಮೇಲೆ ಅದು ಉತ್ತರಿಸುತ್ತದೆ. ಇಂಗ್ಲಿಷ್ ಭಾಷಾ ಪರೀಕ್ಷೆ ಐಇಎಲ್‌ಟಿಎಸ್‌ನ ಅಂಕವನ್ನು ವಿಶ್ವವಿದ್ಯಾಲಯ ಅದರದೇ ತಾಣದಲ್ಲಿ ತಾಳೆ ನೋಡುತ್ತದೆ. ಇಲ್ಲಿನ ಬಲೆ ಕ್ಯುಆರ್ ಕೋಡ್. ಪ್ರಮಾಣಪತ್ರ ನಕಲಿಯಾದರೆ ಅದರ ಮೇಲಿನ ಕೋಡೂ ನಕಲಿಯಾಗಬಹುದು, ಒಂದಕ್ಷರ ಬದಲಾದ ವಿಳಾಸದ ತಾಣಕ್ಕೆ ಒಯ್ದು ‘ದೃಢಪಟ್ಟಿದೆ’ ಎಂದು ತೋರಿಸಬಹುದು. ಆದ್ದರಿಂದ ಎಚ್ಚರವಿರುವ ಸಿಬ್ಬಂದಿ ಕೋಡ್ ಸ್ಕ್ಯಾನ್ ಮಾಡುವುದಿಲ್ಲ. ಪೋರ್ಟಲ್ ವಿಳಾಸವನ್ನು ತಾವೇ ಟೈಪ್ ಮಾಡಿ, ದಾಖಲೆಯ ಸಂಖ್ಯೆಯನ್ನಷ್ಟೇ ಅದರಲ್ಲಿ ಹಾಕುತ್ತಾರೆ.

ಪೋರ್ಟಲ್ ಇಲ್ಲದ ಕಡೆ ಉಳಿಯುವುದು ಪತ್ರ ವ್ಯವಹಾರ. ಅಭ್ಯರ್ಥಿಯಿಂದ ಸಹಿ ಮಾಡಿದ ಒಪ್ಪಿಗೆ ಪತ್ರ, ದಾಖಲೆಯ ಪ್ರತಿ, ನೋಂದಣಿ ಸಂಖ್ಯೆ, ಪಾಸಾದ ವರ್ಷ ಇಷ್ಟನ್ನು ಪರೀಕ್ಷಾ ವಿಭಾಗದ ಕುಲಸಚಿವರಿಗೆ ಕಳಿಸುತ್ತಾರೆ. ಇಮೇಲ್ ವಿಳಾಸವನ್ನು ಅಂಕಪಟ್ಟಿಯ ಮೇಲಿಂದ ತೆಗೆದುಕೊಳ್ಳುವುದು ದೊಡ್ಡ ತಪ್ಪು. ಅದೂ ಅಭ್ಯರ್ಥಿಯ ಕೈಯಿಂದಲೇ ಬಂದದ್ದು. ಉತ್ತರ ಬರಲು ವಾರಗಳು ಹಿಡಿಯುತ್ತವೆ, ಕೆಲವು ಕಚೇರಿಗಳು ಉತ್ತರಿಸುವುದೇ ಇಲ್ಲ. ತಡವಾದದ್ದನ್ನೇ ಮೋಸವೆಂದು ಎಣಿಸಿದರೆ ಪ್ರಾಮಾಣಿಕ ವಿದ್ಯಾರ್ಥಿಗೆ ಅನ್ಯಾಯ.

ಉತ್ತರ ಬಂದರೂ ಒಂದು ಪ್ರಶ್ನೆ ಉಳಿದಿರುತ್ತದೆ. ದುಡ್ಡಿಗೆ ಪದವಿ ಮಾರುವ ಅಂಗಡಿಗಳು ತಮ್ಮದೇ ಪ್ರಮಾಣಪತ್ರವನ್ನು ‘ಹೌದು, ನಾವೇ ಕೊಟ್ಟದ್ದು’ ಎಂದು ಸಂತೋಷದಿಂದ ದೃಢಪಡಿಸುತ್ತವೆ. ಆದ್ದರಿಂದ ಪದವಿ ಕೊಡುವ ಅಧಿಕಾರ ಆ ಸಂಸ್ಥೆಗೆ ಇದೆಯೇ ಎಂದು ಆಯಾ ದೇಶದ ಅಧಿಕೃತ ಪಟ್ಟಿಯಲ್ಲಿ ಮೊದಲು ನೋಡಬೇಕು. ಹೊರದೇಶದ ಪದವಿಯ ಮಟ್ಟವನ್ನು ಬ್ರಿಟನ್ನಿನದಕ್ಕೆ ಹೋಲಿಸಲು ಯುಕೆ ಎನಿಕ್ ಸಂಸ್ಥೆ ನೆರವಾಗುತ್ತದೆ. 2021ರ ತನಕ ಅದರ ಹೆಸರು ನಾರಿಕ್ ಎಂದಿತ್ತು. ಬ್ರಿಟನ್ ಒಪ್ಪಿರುವ 1997ರ ಲಿಸ್ಬನ್ ಒಪ್ಪಂದದ ಪ್ರಕಾರ, ಹೊರಗಿನ ಅರ್ಹತೆ ಸಾಲದು ಎನ್ನುವುದಾದರೆ ಅದನ್ನು ತೋರಿಸಿಕೊಡುವ ಹೊಣೆ ಮೌಲ್ಯಮಾಪನ ಮಾಡುವ ಸಂಸ್ಥೆಯದು. ಅರ್ಜಿದಾರರ ಪಾಲಿಗೆ ಇದು ಸಣ್ಣ ರಕ್ಷಣೆಯಲ್ಲ.

ವೀಸಾ ಬೇಕಾದವರಿಗೆ ಇದೆಲ್ಲ ಮುಗಿದ ಮೇಲೆಯೇ ಪ್ರವೇಶ ಖಚಿತವೆಂದು ವಿಶ್ವವಿದ್ಯಾಲಯ ಕೊಡುವ ಕ್ಯಾಸ್ ಎಂಬ 14 ಅಕ್ಷರಾಂಕಗಳ ಸಂಖ್ಯೆ ಸಿಗುತ್ತದೆ. ಯಾವ ಯಾವ ದಾಖಲೆ ನೋಡಿ ಪ್ರವೇಶ ಕೊಟ್ಟೆವು ಎಂಬುದನ್ನು ವಿಶ್ವವಿದ್ಯಾಲಯ ಅದರಲ್ಲಿ ನಮೂದಿಸುತ್ತದೆ. ಪಾಸ್‌ಪೋರ್ಟಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸವಿದ್ದರೂ ಅರ್ಜಿಯ ಜೊತೆಯಲ್ಲೇ ಅಫಿಡವಿಟ್ ಕೊಡುವುದು ಒಳ್ಳೆಯದು. ಏಕೆಂದರೆ ಇಲ್ಲಿಯವರೆಗಿನ ತಪಾಸಣೆಗಳೆಲ್ಲ ಇಂಥದೊಂದು ದಾಖಲೆ ಇದೆಯೇ ಎಂದು ಮಾತ್ರ ಹೇಳಿವೆ. ಅರ್ಜಿ ಹಾಕಿದವರೇ ಆ ದಾಖಲೆಯ ಒಡೆಯರೇ ಎಂದು ಹೇಳಿಲ್ಲ. ಅದನ್ನು ನೋಡುವುದು ದಾಖಲಾತಿಯ ದಿನ: ಪಾಸ್‌ಪೋರ್ಟಿನ ಚಿತ್ರ, ಐಇಎಲ್‌ಟಿಎಸ್ ವರದಿಯ ಮೇಲಿನ ಚಿತ್ರ, ಎದುರು ನಿಂತವರ ಮುಖ ಮೂರನ್ನೂ ಒಟ್ಟಿಗೆ ಇಟ್ಟು, ಕೇಳಿದ ಮೂಲ ಪ್ರತಿಗಳ ಮೇಲೆ ದಿನಾಂಕ ಮತ್ತು ನೋಡಿದವರ ಹೆಸರು ಸಹಿತ ಟಿಪ್ಪಣಿ ಬರೆದು ಕಡತಕ್ಕೆ ಸೇರಿಸಲಾಗುತ್ತದೆ.