ಶತಮಾನೋತ್ಸವಕ್ಕೆ ಮೊದಲು ಸಿಮೆಂಟ್ ಕೀಳಿ

ಕರಾವಳಿಯ ಹಳೆ ಶಾಲೆಗಳಿಂದ ನನಗೆ ಬರುವ ಫೋನು ಹೆಚ್ಚುಕಮ್ಮಿ ಒಂದೇ ಥರ. "ಸರ್, ಬರುವ ವರ್ಷ ಶತಮಾನೋತ್ಸವ. ಕಟ್ಟಡ ಸ್ವಲ್ಪ ಚಂದ ಮಾಡಿಕೊಡಬೇಕು. ಒಂದು ಕೋಣೆ ಮ್ಯೂಸಿಯಂ ಮಾಡುವ ಅಂತ ಉಂಟು." ಹೋಗಿ ನೋಡಿದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹೆಂಚಿನ ಮಾಡು, ಉದ್ದ ಜಗಲಿ, ಎಲ್ಲ ಗಟ್ಟಿಮುಟ್ಟು. ಹಾಳಾಗಿರುವುದು ಹಿಂದೊಮ್ಮೆ ಯಾರೋ ಹೀಗೆಯೇ ಚಂದ ಮಾಡಿಸಿದ ಜಾಗ ಮಾತ್ರ.

ಮುರಕಲ್ಲು ನೆಲದಲ್ಲಿರುವಾಗ ಮೆತ್ತಗೆ, ಕೊಡಲಿಯಲ್ಲೂ ಕಡಿಯಬಹುದು. ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಆದರೆ ಅದರ ಮೈತುಂಬ ತೂತು. ಅಡಿಪಾಯದಿಂದ ನೀರು ಮೇಲಕ್ಕೆ ಏರುತ್ತಲೇ ಇರುತ್ತದೆ. ಸುಣ್ಣದ ಸಾರಣೆ ಇದ್ದರೆ ಆ ಪಸೆ ಗೋಡೆಯ ಮೈಯಿಂದಲೇ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದರೆ ನೀರಿಗೆ ಹೊರಬರಲು ದಾರಿ ಇಲ್ಲ. ಅದು ಇನ್ನೂ ಎತ್ತರಕ್ಕೆ ಏರುತ್ತದೆ, ಜೊತೆಗೆ ಬಂದ ಉಪ್ಪು ಸಾರಣೆಯ ಹಿಂದೆ ಹರಳುಗಟ್ಟುತ್ತದೆ. ಒಂದು ದಿನ ಸಿಮೆಂಟು ಹಪ್ಪಳದ ಹಾಗೆ ಎದ್ದು ಬೀಳುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡೇ ಬೀಳುತ್ತದೆ. ಆಗ ಎಲ್ಲರೂ "ಕಲ್ಲು ಕೊಳೆತಿದೆ, ಕೆಡವುವುದೇ ಒಳ್ಳೆಯದು" ಎನ್ನುತ್ತಾರೆ. ಪಾಪದ ಕಲ್ಲು.

ಹಾಗಾಗಿ ನನ್ನ ಅಂದಾಜುಪಟ್ಟಿಯಲ್ಲಿ ಮೊದಲ ಸಾಲು ಯಾವತ್ತೂ ಸಿಮೆಂಟ್ ಕೀಳುವುದು. ಅಲ್ಲಿಯೇ ಜಗಳ ಶುರು. ದಾನಿಗಳ ಹಣದಲ್ಲಿ ಮೊದಲ ಕೆಲಸವೇ ಒಡೆಯುವುದು ಎಂದರೆ ಯಾವ ಸಮಿತಿಗೂ ಹಿಡಿಸುವುದಿಲ್ಲ.

ಇನ್ನೊಂದು ಜಗಳ ಕ್ಯಾಲೆಂಡರಿನದ್ದು. ಮಕ್ಕಳಿಲ್ಲದ ದಿನ ಎಂದರೆ ಏಪ್ರಿಲ್, ಮೇ. ಜೂನ್ ಹೊತ್ತಿಗೆ ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರುಗಳು ಇವು. ಸುಣ್ಣಕ್ಕೆ ಅವಸರ ಆಗದು. ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ಕೆಲವು ಹಳೆ ಮೇಸ್ತ್ರಿಗಳ ಕೈಯಲ್ಲಿ ಸ್ವಲ್ಪ ಬೆಲ್ಲದ ನೀರು. ಕಲಸಿ ಹಚ್ಚಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಕಲ್ಲಾಗಬೇಕು. ವಾರಗಟ್ಟಲೆ ತೇವ ಆರದಂತೆ ಗೋಣಿ ಕಟ್ಟಿ ಕಾಯಬೇಕು. ಅದಕ್ಕೆ ನಾನು ಕೆಲಸ ಒಡೆದುಬಿಡುತ್ತೇನೆ: ಬೇಸಿಗೆ ರಜೆಯಲ್ಲಿ ಮಾಡಿನ ಕೆಲಸ, ದಸರಾ ರಜೆಯಿಂದ ಆಚೆಗೆ ಒಂದೊಂದೇ ಕೋಣೆಯ ಗೋಡೆ. ಮಾರ್ಚ್ 31ರೊಳಗೆ ಬಿಲ್ ಆಗಬೇಕೆನ್ನುವವರಿಗೆ ಇದು ತಲೆನೋವು.

ಮಾಡಿನ ಕೆಲಸ ನನಗೆ ಇಷ್ಟ. ಹೆಂಚು ಇಳಿಸಿ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಠಣ್ ಎಂದರೆ ಇನ್ನೂ ಬಾಳುತ್ತದೆ, ಡಬ್ ಎಂದರೆ ಬಿರುಕು. ಉಳಿದದ್ದನ್ನೆಲ್ಲ ಎದುರಿನ ಇಳಿಜಾರಿಗೆ ಹೊದಿಸಿ, ಹೊಸದನ್ನು ಹಿಂಬದಿಗೆ ಹಾಕುತ್ತೇವೆ. ಒಂದು ಶಾಲೆಯಲ್ಲಿ ಹೆಂಚಿನ ಬೆನ್ನು ತಿರುಗಿಸಿದ ಸಮಿತಿಯವರೊಬ್ಬರು ಕೂಗಿಕೊಂಡರು: "ಬಾಸೆಲ್ ಮಿಷನ್, 1865! ನಮ್ಮ ಶಾಲೆ ಇಷ್ಟು ಹಳತು!" ಫಲಕಕ್ಕೆ ಹೇಳಿಯೂ ಆಗಿತ್ತು. 1865 ಎಂದರೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹೆಂಚಿನ ಕಾರ್ಖಾನೆ ಹುಟ್ಟಿದ ವರ್ಷ. ಅದೇ ಅಂಕಿಯನ್ನು ಕಾರ್ಖಾನೆಯವರು ಆಮೇಲೂ ಬಹಳ ಕಾಲ ಒತ್ತುತ್ತಿದ್ದರು. ಮೊದಲ ಮಹಾಯುದ್ಧದ ಬಳಿಕ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು. ಕಾಮನ್‌ವೆಲ್ತ್ ಅಚ್ಚಿನದ್ದು ಸಿಕ್ಕಿದರೆ ಆ ಹೆಂಚು ಯುದ್ಧದ ನಂತರದ್ದು. ಅದರಿಂದ ತಿಳಿಯುವುದೂ ಹೆಂಚಿನ ವಯಸ್ಸೇ, ಶಾಲೆಯದ್ದಲ್ಲ. ಶಾಲೆಯ ವಯಸ್ಸಿಗೆ ಹಾಜರಿ ಪುಸ್ತಕ, ದಾಖಲಾತಿ ರಿಜಿಸ್ಟರು ನೋಡಿ. ಅವೂ ಮಾಡಿನಷ್ಟೇ ಸೋರಿಕೆಗೆ ಸಿಕ್ಕಿರುತ್ತವೆ. ಮೊದಲು ಅವನ್ನು ಕಬ್ಬಿಣದ ಕಪಾಟಿನಿಂದ ಹೊರತೆಗೆದು ನೆರಳಲ್ಲಿ ಒಣಗಿಸಿ, ಒಂದೊಂದು ಪುಟದ ಫೋಟೋ ತೆಗೆದಿಡಿ.

ಇನ್ನು ಮ್ಯೂಸಿಯಂ. ಅದೇ ಶಾಲೆಯ ನಾಲ್ಕನೇ ತರಗತಿಯಲ್ಲಿ ಗೋಡೆಯದೇ ಭಾಗವಾದ ಕರಿಹಲಗೆ ಇತ್ತು. ಮರದ ಚೌಕಟ್ಟು, ಒಳಗೆ ನುಣ್ಣನೆ ಸಾರಣೆ. ಇದ್ದಿಲು ಮತ್ತು ತೊಂಡೆ ಎಲೆ ಅರೆದು ಮಕ್ಕಳೇ ಬಳಿಯುತ್ತಿದ್ದರಂತೆ. ಬಲಗಡೆ ಕೆಳಮೂಲೆ ತಗ್ಗಾಗಿತ್ತು, ಗಿಡ್ಡ ಮಕ್ಕಳ ಕೈ ಎಟುಕುವ ಜಾಗ. ಅಲ್ಲಿ ಒರೆಸಿ ಒರೆಸಿ ಕಪ್ಪು ಹೋಗಿ ಸುಣ್ಣ ಕಾಣುತ್ತಿತ್ತು. ಸಮಿತಿಗೆ ಅದನ್ನು ಗಾಜಿನೊಳಗೆ ಮುಚ್ಚಿ ದೀಪ ಹಾಕುವ ಆಸೆ, ಪಾಠ ಪಕ್ಕದ ಹೊಸ ಕಟ್ಟಡದಲ್ಲಿ. ನಾನು ಒಪ್ಪಲಿಲ್ಲ. ಮಕ್ಕಳು ಬಿಟ್ಟುಹೋದ ಕೋಣೆಯ ಬಾಗಿಲು ಯಾರೂ ತೆರೆಯುವುದಿಲ್ಲ, ಹೆಂಚಿನಡಿಯ ರೀಪಿಗೆ ಗೆದ್ದಲು ಬಂದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೊನೆಗೆ ಪಾಠ ಅಲ್ಲೇ ಉಳಿಯಿತು. ನೋಡಲು ಬರುವವರಿಗೆ ಭಾನುವಾರ. ಬೆಂಚುಗಳ ಮೇಲೆ ಕೆತ್ತಿದ ಹೆಸರುಗಳನ್ನು ಉಜ್ಜಿ ತೆಗೆಯಲು ಬಡಗಿ ಯಂತ್ರ ತಂದಿದ್ದ. ಅದನ್ನೂ ವಾಪಸ್ ಕಳಿಸಿದೆ. ಹಳೆ ವಿದ್ಯಾರ್ಥಿಗಳು ಬಂದಾಗ ಮೊದಲು ಹುಡುಕುವುದು ತಮ್ಮ ಕಳ್ಳಕೆತ್ತನೆಯನ್ನೇ.

ಕರಾರುಪತ್ರದ ಕೊನೆಯಲ್ಲಿ ಒಂದು ಸಾಲು ಬರೆಸಿದ್ದೇನೆ: ಪ್ರತಿ ವರ್ಷ ಮಳೆಗೆ ಮೊದಲು ಮಾಡು ಹತ್ತಿ ಹೆಂಚು ಕೈಯಾಡಿಸಬೇಕು, ಗೋಡೆಗೆ ಸುಣ್ಣ ಹೊಡೆಯಬೇಕು. ಉದ್ಘಾಟನೆಗೆ ಚಪ್ಪರ ಹಾಕಿದ ಖರ್ಚಿನ ಮುಂದೆ ಅದು ಏನೂ ಅಲ್ಲ. ಆದರೂ ಮೇ ತಿಂಗಳಲ್ಲಿ ನಾನೇ ಹೆಡ್‌ಮಾಸ್ಟರಿಗೆ ಫೋನು ಮಾಡುತ್ತೇನೆ. ಹೋದ ಸಲ ಅವರು, "ಜನ ಸಿಗಲಿಲ್ಲ ಸರ್, ಮುಂದಿನ ವಾರ" ಎಂದರು. ಆ ವಾರವೇ ಮಳೆ ಹಿಡಿಯಿತು.